ಗೋಲ್ಕೊಂಡದ ಚಪ್ಪಾಳೆ

ಹೈದರಾಬಾದನ್ನು ಒಂದೇ ದಿನದಲ್ಲಿ ತೋರಿಸುವ ಬಸ್ಸಿನಲ್ಲಿ ಮೊಮ್ಮಗನೂ ನಾನೂ ಹೊರಟೆವು. 1591ರ ಚಾರ್‌ಮಿನಾರ್‌ಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಬಳೆ ಅಂಗಡಿಗಳ ಕಡೆ ಕತ್ತು ತಿರುಗಿಸುವಷ್ಟರಲ್ಲಿ ಗೈಡ್ ವಿಸಿಲ್ ಊದಿದ. ಅವಸರ ಯಾಕೆಂದು ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ತಿಳಿಯಿತು. ಅಲ್ಲಿನ ಹಳೆಯ ಗಡಿಯಾರದಿಂದ ಸರಿಯಾಗಿ ಹನ್ನೆರಡಕ್ಕೆ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು, ಹನ್ನೆರಡು ಸಲ ಗಂಟೆ ಬಾರಿಸಿ ಒಳಹೋಯಿತು. ಮೂವತ್ತೆಂಟು ವರ್ಷದ ಬ್ಯಾಂಕ್ ನೌಕರಿಯಲ್ಲಿ ಇಷ್ಟು ಶಿಸ್ತಿನ ಸಹೋದ್ಯೋಗಿಯನ್ನು ನಾನು ಕಂಡಿರಲಿಲ್ಲ!

ಮಧ್ಯಾಹ್ನ ಗೋಲ್ಕೊಂಡ ಕೋಟೆ. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ನನ್ನ ಮಂಡಿ ಒಪ್ಪಲಿಲ್ಲ.

"ತಾತ, ನೀವು ಬರದಿದ್ರೆ ನಾನೂ ಹೋಗಲ್ಲ" ಎಂದು ಹುಡುಗ ಮುಖ ಊದಿಸಿದ.

ಗೈಡ್ ಹೆಬ್ಬಾಗಿಲಿನ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟಿದ. ಇಲ್ಲಿನ ಸದ್ದು ಬೆಟ್ಟದ ತುದಿಗೆ ಕೇಳುತ್ತದೆ. ಹಿಂದೆ ಕಾವಲಿನವರಿಗೆ ಹೀಗೇ ಸುದ್ದಿ ಮುಟ್ಟುತ್ತಿತ್ತಂತೆ.

"ನೀನು ಹೋಗು. ಸರಿಯಾಗಿ ನಾಲ್ಕಕ್ಕೆ ಮೂರು ಸಲ ತಟ್ತೀನಿ" ಎಂದೆ.

ನಾಲ್ಕಾಯಿತು. ಸುತ್ತಲಿನವರನ್ನು ಸುಮ್ಮನಿರಿಸಿ ತಟ್ಟಿದೆ. ಮೇಲಿಂದ ಏನೂ ಇಲ್ಲ. ಹತ್ತಿದ್ದಾನೋ, ದಾರಿಯಲ್ಲೇ ಕೂತಿದ್ದಾನೋ? ಮನಸ್ಸು ತಡೆಯದೆ ಇನ್ನೆರಡು ಸಲ ತಟ್ಟಿದೆ.

ಅರ್ಧ ಗಂಟೆಯ ಮೇಲೆ ಏದುಸಿರು ಬಿಡುತ್ತಾ ಇಳಿದು ಬಂದವನೇ ಜಗಳಕ್ಕೇ ನಿಂತ:

"ಏನ್ ತಾತ, ಮೂರು ಅಂದು ಐದು ಸಲ ತಟ್ಟಿದ್ರಿ!"