ಒಂದು ವಿಷಯವೋ, ಮೂರು ವಿಷಯವೋ?

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ಮಕ್ಕಳಿಗೆ ಸಲಹೆ ಕೊಡಲು ಊರಿಗೆ ಊರೇ ಮುಂದೆ ಬರುತ್ತದೆ. ಕಲಾ ವಿಭಾಗದ ಮಕ್ಕಳಿಗೆ ಆ ಭಾಗ್ಯವಿಲ್ಲ. ‘ಬಿ.ಎ. ತಾನೆ, ಯಾವುದಾದರೇನು’ ಎಂಬ ಮಾತೇ ಸಾಮಾನ್ಯವಾಗಿ ಕಿವಿಗೆ ಬೀಳುವುದು. ಹೀಗಾಗಿ ಪ್ರವೇಶದ ದಿನ ಕಾಲೇಜು ಕಚೇರಿಯ ಕಿಟಕಿಯಿಂದ ಗುಮಾಸ್ತರು ‘ಹೆಚ್.ಇ.ಪಿ.ಯೋ, ಹೆಚ್.ಇ.ಕೆ.ಯೋ?’ ಎಂದು ಕೇಳಿದಾಗ, ಮುಂದೆ ಹತ್ತಾರು ವರ್ಷ ತಮ್ಮ ಬೆನ್ನಿಗಿರುವ ಆ ಮೂರು ಅಕ್ಷರಗಳನ್ನು ಹಿಂದೆ ನಿಂತ ಗೆಳೆಯನ ಮುಖ ನೋಡಿ ಆರಿಸಿಕೊಳ್ಳುವವರೇ ಹೆಚ್ಚು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದರೆ ಹೆಚ್.ಇ.ಪಿ.; ಕೊನೆಯದರ ಬದಲು ಕನ್ನಡ ಬಂದರೆ ಹೆಚ್.ಇ.ಕೆ. ನಮ್ಮ ರಾಜ್ಯದ ಬಿ.ಎ. ಎಂದರೆ ಬಹುಕಾಲದಿಂದ ಹೀಗೆ ಮೂರು ಐಚ್ಛಿಕ ವಿಷಯಗಳ ಕಟ್ಟು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಹುಡುಗಿ ಚೆನ್ನಾಗಿ ಓದುವವಳು, ಇತಿಹಾಸವೆಂದರೆ ಪ್ರಾಣ. ಅವಳ ಮುಂದೆ ಎರಡು ದಾರಿಗಳಿದ್ದವು. ಒಂದು, ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಮೂರು ವಿಷಯಗಳ ಬಿ.ಎ. ಇನ್ನೊಂದು, ದೆಹಲಿ ವಿಶ್ವವಿದ್ಯಾನಿಲಯದ ಕಾಲೇಜೊಂದರಲ್ಲಿ ಇತಿಹಾಸದಲ್ಲಿ ಬಿ.ಎ. ಆನರ್ಸ್. ಅಲ್ಲಿಯ ಪ್ರವೇಶವೆಲ್ಲ 2022ರಿಂದ ಸಿ.ಯು.ಇ.ಟಿ. ಪರೀಕ್ಷೆಯ ಅಂಕದ ಮೇಲೆ ನಡೆಯುತ್ತಿದ್ದು, ಅದರಲ್ಲಿ ಇವಳಿಗೆ ಒಳ್ಳೆಯ ಅಂಕ ಬಂದಿತ್ತು.

‘ದೂರ ಕಳಿಸೋಕೆ ಭಯ ಇಲ್ಲ ಸಾರ್, ಆದರೆ ಒಂದೇ ವಿಷಯ ಓದ್ಕೊಂಡು ಬಂದ್ರೆ ಇಲ್ಲಿ ಬಿ.ಎಡ್.ಗೆ, ಮೇಷ್ಟ್ರ ಕೆಲಸಕ್ಕೆ ಆಗುತ್ತಾ?’ ಎಂದು ತಂದೆ ಕೇಳಿದ. ‘ಮೂರೂ ಓದಿದರೆ ಕೊನೆಗೆ ಒಂದೂ ಬರೋದಿಲ್ಲ ಅಂತಾರಲ್ಲ ತಾತ, ನಿಜವಾ?’ ಎಂದು ಮಗಳು ಕೇಳಿದಳು. ಎರಡೂ ಸರಿಯಾದ ಪ್ರಶ್ನೆಗಳೇ. ಇಬ್ಬರಿಗೂ ಅಂದು ಹೇಳಿದ್ದನ್ನೂ, ಅಂದು ಹೇಳಲು ಹೊಳೆಯದೆ ಹೋದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಅನುಭವ. ನಾನು ಎಪ್ಪತ್ತರ ದಶಕದ ಆರಂಭದಲ್ಲಿ ಬಿ.ಎ. ಓದಿದವನು, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ನನ್ನ ವಿಷಯಗಳು. ಮೂವರು ಅಧ್ಯಾಪಕರೂ ವಿದ್ವಾಂಸರೇ. ಆದರೆ ಮೂವರೂ ಒಂದೇ ಕೊಠಡಿಗೆ ಒಬ್ಬರ ಹಿಂದೊಬ್ಬರು ಬಂದು, ಹಿಂದಿನವರು ಹಲಗೆಯ ಮೇಲೆ ಬರೆದುದನ್ನು ಒರೆಸಿ ತಮ್ಮ ಪಾಠ ಆರಂಭಿಸುತ್ತಿದ್ದರು. ಇತಿಹಾಸದವರು ಮನ್ರೋವಿನ ರೈತವಾರಿ ಪದ್ಧತಿಯನ್ನು ಹೇಳಿದರು. ಅರ್ಥಶಾಸ್ತ್ರದವರು ಭೂಸುಧಾರಣೆಯ ಅಗತ್ಯವನ್ನು ಹೇಳಿದರು. ರಾಜ್ಯಶಾಸ್ತ್ರದವರು ಮೂಲಭೂತ ಹಕ್ಕುಗಳನ್ನು, ಅಂದು ಅವುಗಳಲ್ಲಿ ಒಂದಾಗಿದ್ದ ಆಸ್ತಿಯ ಹಕ್ಕನ್ನೂ ಸೇರಿಸಿ, ಹೇಳಿದರು. ಮೂರೂ ಒಂದೇ ಗದ್ದೆಯ ಬದುವಿನ ಮೇಲೆ ನಿಂತು ಆಡುತ್ತಿರುವ ಮಾತುಗಳೆಂದು ಮೂವರಲ್ಲಿ ಒಬ್ಬರೂ ನಮಗೆ ಹೇಳಲಿಲ್ಲ. ಅದು ಅವರ ಪಠ್ಯಕ್ರಮದಲ್ಲಿರಲಿಲ್ಲ.

ಅದನ್ನು ನನಗೆ ತಿಳಿಸಿದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಎಂಬತ್ತರ ದಶಕದಲ್ಲಿ ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುವ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ತಮ್ಮ ಹಕ್ಕನ್ನು ಕೇಳಿಕೊಳ್ಳಬೇಕಾಗಿದ್ದ ಕಾಲದ ಬಿಸಿ ಇನ್ನೂ ಆರಿರಲಿಲ್ಲ. ಎಷ್ಟೋ ಅರ್ಜಿಗಳು ಮಂಡಳಿಯಿಂದ ಹೈಕೋರ್ಟಿಗೂ, ಅಲ್ಲಿಂದ ಮತ್ತೆ ಮಂಡಳಿಗೂ ಓಡಾಡುತ್ತಿದ್ದವು. ನಾನು ಭೂಸುಧಾರಣೆಯ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಈ ಹುಡುಗ ಎದ್ದು, ತಮ್ಮ ಅಜ್ಜ ಏಳನೇ ನಮೂನೆ ಕೊಟ್ಟಿದ್ದಾರೆಂದೂ, ಅದಕ್ಕೂ ಮೊದಲು ಕಾಗೋಡು ಗಲಾಟೆಯಲ್ಲಿ ಜೈಲಿಗೆ ಹೋಗಿದ್ದರೆಂದೂ ಹೇಳಿದ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ವಿರುದ್ಧ ನಿಂತದ್ದು, ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೂ ಅಲ್ಲಿ ತಕರಾರಿನ ವಿಷಯವಾದದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಓದುಗರಿಗೆ ಗೊತ್ತಿರುವ ಸಂಗತಿ. ನಾನು ಪಾಠವನ್ನು ಅಲ್ಲಿಗೆ ನಿಲ್ಲಿಸಿ ಕಾಗೋಡಿನ ಕಥೆ ಹೇಳಿದೆ. ಅಲ್ಲಿಂದ ಆಸ್ತಿಯ ಹಕ್ಕಿಗೆ ಬಂದು, 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಅದು ಮೂಲಭೂತ ಹಕ್ಕುಗಳ ಸಾಲಿನಿಂದ ಹೊರಬಂದುದನ್ನೂ ವಿವರಿಸಿದೆ. ಎಲ್ಲ ಮುಗಿದ ಮೇಲೆ ಹುಡುಗ ಕೇಳಿದ: ‘ಸಾರ್, ಇದನ್ನ ಯಾವ ನೋಟ್‌ಬುಕ್ಕಲ್ಲಿ ಬರ್ಕೊಳ್ಳಲಿ? ಇತಿಹಾಸದ್ದೋ, ಅರ್ಥಶಾಸ್ತ್ರದ್ದೋ, ಪೌರನೀತಿದೋ?’

ತರಗತಿಯೆಲ್ಲ ನಕ್ಕಿತು. ಆದರೆ ಪದವಿಯ ವಿಷಯಗಳ ಬಗ್ಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಇಂದಿಗೂ ಕೇಳಿಲ್ಲ.

ಮೂರು ವಿಷಯಗಳನ್ನು ಒಟ್ಟಿಗೆ ಓದಿದ ಮಾತ್ರಕ್ಕೆ ಅವು ಒಟ್ಟುಗೂಡುವುದಿಲ್ಲ. ವಿಶ್ವವಿದ್ಯಾನಿಲಯ ಮೂರು ನೋಟ್‌ಬುಕ್ಕುಗಳನ್ನು ಕೊಡುತ್ತದೆ. ನಾಲ್ಕನೆಯದನ್ನು ವಿದ್ಯಾರ್ಥಿಯೇ ಹೊಲಿದುಕೊಳ್ಳಬೇಕು. ಆ ಕೆಲಸ ತನ್ನದೆಂದು ತಿಳಿಯದ ವಿದ್ಯಾರ್ಥಿ ಮೂರು ವಿಷಯಗಳಲ್ಲಿಯೂ ಪೀಠಿಕೆಯಷ್ಟನ್ನೇ ಓದಿ ಹೊರಬರುತ್ತಾನೆ. ಹುಡುಗಿ ಕೇಳಿದ ಪ್ರಶ್ನೆಯಲ್ಲಿದ್ದ ನಿಜ ಅದೇ.

ಒಂದೇ ಒಂದು ಉದಾಹರಣೆ ಸಾಕು. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನವನ್ನು ಇತಿಹಾಸದ ತರಗತಿಯಲ್ಲಿ ಕದಂಬರ ಅಧ್ಯಾಯದಲ್ಲಿ ಹೇಳುತ್ತಾರೆ. ಕನ್ನಡದ ತರಗತಿಯಲ್ಲಿ ಪೂರ್ವದ ಹಳಗನ್ನಡದ ಮಾದರಿಯಾಗಿ ಹೇಳುತ್ತಾರೆ. ಅದು ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಹಳ್ಳಿಗಳನ್ನು ದತ್ತಿ ಬಿಟ್ಟ ದಾಖಲೆ. ಕೊನೆಗೆ ಗದ್ದೆಯ ಹತ್ತರಲ್ಲೊಂದು ಪಾಲಿನ ಮಾತೂ ಬರುತ್ತದೆ. ಎಂದರೆ ಅದು ಅರ್ಥಶಾಸ್ತ್ರವೂ ಹೌದು. ಹೆಚ್.ಇ.ಕೆ. ತೆಗೆದುಕೊಂಡವನಿಗೆ ಈ ಹದಿನಾರು ಸಾಲಿನ ಕಲ್ಲೊಂದೇ ಒಂದು ವರ್ಷದ ವಿದ್ಯಾಭ್ಯಾಸವಾಗಬಹುದು. ಆದರೆ ನಾನು ಕಂಡಂತೆ, ಒಂದೇ ವಾರದಲ್ಲಿ ಎರಡು ತರಗತಿಗಳಲ್ಲಿ ಹಲ್ಮಿಡಿಯ ಹೆಸರು ಕೇಳಿಯೂ ಒಂದೇ ಶಾಸನವೆಂದು ಗಮನಿಸದ ಪದವೀಧರರು ಇದ್ದಾರೆ.

ಏಕವಿಷಯದ ಆನರ್ಸ್ ಹಾಗಾದರೆ ಮೇಲೇ? ಅದರ ಬಲ ಬೇರೆ. ವಿದ್ಯಾರ್ಥಿ ಮೂರು ವರ್ಷ ಒಂದೇ ಶಾಸ್ತ್ರದ ಒಳಗಿದ್ದರೆ, ಆ ಶಾಸ್ತ್ರದ ನಿರ್ಣಯಗಳನ್ನು ಮಾತ್ರವಲ್ಲ, ಅವು ಹುಟ್ಟಿದ ಜಗಳಗಳನ್ನೂ ಕೇಳುತ್ತಾನೆ. ಮೂರು ವಿಷಯದವನಿಗೆ ಒಂದು ಕಾಲಘಟ್ಟದ ಬಗ್ಗೆ ಒಂದು ಉತ್ತರ ಸಿಕ್ಕಿದರೆ, ಇವನಿಗೆ ಅದೇ ಕಾಲಘಟ್ಟದ ಬಗ್ಗೆ ನಾಲ್ವರು ಇತಿಹಾಸಕಾರರ ನಾಲ್ಕು ಉತ್ತರಗಳೂ, ಅವುಗಳಲ್ಲಿ ಯಾವುದನ್ನು ಏಕೆ ನಂಬಬೇಕೆಂಬ ತಲೆನೋವೂ ಸಿಗುತ್ತವೆ. ಆ ತಲೆನೋವೇ ಶಿಕ್ಷಣ ಎಂದು ನನ್ನ ಅಭಿಪ್ರಾಯ. ಇದರ ದೋಷವೂ ಸ್ಪಷ್ಟವಾಗಿದೆ: ನೆರೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಗೊತ್ತಾಗುವುದಿಲ್ಲ. ದೆಹಲಿಯಲ್ಲಿ ಆನರ್ಸ್ ವಿದ್ಯಾರ್ಥಿಗಳು ಬೇರೆ ವಿಭಾಗಗಳಿಂದಲೂ ಕೆಲವು ಪತ್ರಿಕೆಗಳನ್ನು ಆರಿಸಿಕೊಳ್ಳಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ ಇರಬೇಕು. ಅದೇ ವಿಶ್ವವಿದ್ಯಾನಿಲಯದಲ್ಲಿ ಹಿಂದೆ ‘ಪಾಸ್’ ಎಂದು ಕರೆಯುತ್ತಿದ್ದ, ಈಗ ‘ಪ್ರೋಗ್ರಾಂ’ ಎನ್ನುವ ಬಹುವಿಷಯದ ಬಿ.ಎ.ಯನ್ನು ಆನರ್ಸ್‌ನವರು ಸ್ವಲ್ಪ ಕೀಳಾಗಿ ನೋಡುವುದುಂಟು. ಆದರೆ ಆಕ್ಸ್‌ಫರ್ಡಿನಲ್ಲಿ 1920ರಲ್ಲಿ ಆರಂಭವಾದ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರಗಳ ಸಂಯುಕ್ತ ಪದವಿಯಿಂದ ಆ ದೇಶದ ಪ್ರಧಾನಮಂತ್ರಿಗಳು ಹಲವರು ಬಂದಿದ್ದಾರೆ. ಅದನ್ನು ಯಾರೂ ಕೀಳೆನ್ನುವುದಿಲ್ಲ. ಗೌರವ ಎಂಬುದು ಪದವಿಯ ರಚನೆಗಿಂತ ಹೆಚ್ಚಾಗಿ ಅದನ್ನು ಯಾರು ಓದುತ್ತಾರೆ ಎಂಬುದನ್ನು ಅವಲಂಬಿಸಿದೆಯೋ ಏನೋ!

ನಮ್ಮ ಮೈಸೂರಿನದೇ ಒಂದು ಉದಾಹರಣೆ ಇದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮಹಾರಾಜಾ ಕಾಲೇಜಿನಲ್ಲಿ ಓದಿದ್ದು ‘ಸೋಷಿಯಲ್ ಫಿಲಾಸಫಿ’ ಆನರ್ಸ್. 1936ರಲ್ಲಿ ಪದವಿ ಪಡೆದರು. ಹೆಸರು ಒಂದಾದರೂ ಅದು ತತ್ತ್ವಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ ಮುಂತಾದವು ಬೆರೆತ ಓದು. ಅಲ್ಲಿಂದ ಮುಂಬಯಿಗೆ ಹೋಗಿ ಘುರ್ಯೆಯವರ ಬಳಿಯೂ, ಅನಂತರ ಆಕ್ಸ್‌ಫರ್ಡಿನಲ್ಲಿಯೂ ಓದುತ್ತಾ ಅವರ ದಾರಿ ಕಿರಿದಾಗುತ್ತ ಬಂತು. 1948ರಲ್ಲಿ ಮೈಸೂರಿನ ಬಳಿಯ ಒಂದೇ ಹಳ್ಳಿಗೆ ಬಂದು ನಿಂತಿತು. ‘ರಾಮಪುರ’ ಎಂದು ಅವರು ಹೆಸರಿಟ್ಟ ಆ ಹಳ್ಳಿಯಲ್ಲಿ ಅವರು ದೇವರು, ಜಾತಿ, ಬೇಸಾಯ, ಜಗಳ ಎಲ್ಲವನ್ನೂ ಒಟ್ಟಿಗೆ ನೋಡಿದರು. ಮೊದಲ ಅಗಲವಾದ ಓದಿಲ್ಲದಿದ್ದರೆ ಹಾಗೆ ನೋಡಲು ಆಗುತ್ತಿತ್ತೇ? ಹೌದು ಎಂದೂ ಇಲ್ಲ ಎಂದೂ ಖಚಿತವಾಗಿ ಹೇಳಲಾಗದು. ಆದರೆ ಅಗಲವನ್ನು ಮೊದಲು ಓದಿ ಆಳಕ್ಕೆ ಆಮೇಲೆ ಇಳಿಯಬಹುದೆಂಬುದಕ್ಕೆ ಇದು ಸಾಕ್ಷಿ. ಹದಿನೇಳರ ವಯಸ್ಸಿನಲ್ಲಿಯೇ ಬಾವಿಗೆ ಜಾಗ ಗುರುತಿಸಲೇಬೇಕೆಂಬ ಕಟ್ಟಳೆಯೇನಿಲ್ಲ.

ಇನ್ನು ತಂದೆಯ ಪ್ರಶ್ನೆ. ಅದನ್ನು ಲೌಕಿಕವೆಂದು ತಳ್ಳಿಹಾಕುವವರು ಸಂಬಳದ ಚಿಂತೆಯಿಲ್ಲದವರು. ನಮ್ಮ ಪ್ರೌಢಶಾಲೆಯ ಸಮಾಜವಿಜ್ಞಾನ ಪುಸ್ತಕದೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಇವೆ. ಒಬ್ಬರೇ ಶಿಕ್ಷಕರು ಅಷ್ಟನ್ನೂ ಪಾಠ ಮಾಡಬೇಕು. ಅದಕ್ಕಾಗಿಯೇ ಬಿ.ಎಡ್. ಪ್ರವೇಶದಲ್ಲಿಯೂ ಶಿಕ್ಷಕರ ನೇಮಕಾತಿಯಲ್ಲಿಯೂ ಪದವಿಯಲ್ಲಿ ಯಾವ ಯಾವ ವಿಷಯಗಳನ್ನು ಓದಿದ್ದೀರಿ ಎಂದು ಹೆಸರು ಹಿಡಿದು ನೋಡುತ್ತಾರೆ. ಮೇಷ್ಟ್ರಾಗಬೇಕೆಂಬವರಿಗೆ ಮೂರು ವಿಷಯದ ಪದವಿ ಹೆಚ್ಚು ನಿರಾತಂಕ. ಕಾಲೇಜು ಅಧ್ಯಾಪಕರಾಗಬೇಕೆಂಬವರಿಗೆ ಲೆಕ್ಕಕ್ಕೆ ಬರುವುದು ಎಂ.ಎ. ಆಡಳಿತ ಸೇವೆಗೆ ಯಾವ ಪದವಿಯಾದರೂ ನಡೆಯುತ್ತದೆ. ಅಲ್ಲಿಯೂ ಹಿಂದೆ ಎರಡಿದ್ದ ಐಚ್ಛಿಕ ವಿಷಯ 2013ರಿಂದ ಒಂದಾಗಿದೆ.

ಮಕ್ಕಳ ಪಾಡು ಇನ್ನೊಂದು ಕಾರಣಕ್ಕೂ ಕಷ್ಟವಾಗಿದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷಗಳ ಆನರ್ಸ್ ಬಂದು, ಮೂರು ವಿಷಯಗಳು ಎರಡಾದವು. 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯ. ಅಣ್ಣ ಓದಿದ ಕ್ರಮ ತಮ್ಮನಿಗಿಲ್ಲ. ಮನೆಯಲ್ಲಿ ಕೇಳಿದರೆ ಹೇಳುವವರಿಲ್ಲ. ಎರಡು ಕ್ರಮಗಳಿಗೂ ಸಮರ್ಥನೆಗಳಿದ್ದವು. ಆದರೆ ಇಷ್ಟು ಬೇಗ ಬೇಗ ಅಂಗಿ ಬದಲಿಸಿದರೆ ಅಳತೆ ಕೊಟ್ಟವರಿಗೇ ತಮ್ಮ ಮೈ ಮರೆತುಹೋಗುತ್ತದೆ.

ನಾನು ಹುಡುಗಿಗೆ ಹೇಳಿದ್ದು ಇಷ್ಟು. ನಿನ್ನ ಮನೆಯಲ್ಲಿ ಪದವಿಗೆ ಹೋಗುತ್ತಿರುವವಳು ನೀನೇ ಮೊದಲಿಗಳು. ಬಾಗಿಲುಗಳನ್ನು ಈಗಲೇ ಮುಚ್ಚಿಕೊಳ್ಳಬೇಡ. ಮೂರು ವಿಷಯ ತೆಗೆದುಕೊ, ಆದರೆ ಇತಿಹಾಸವನ್ನು ಆನರ್ಸ್ ವಿದ್ಯಾರ್ಥಿಯಂತೆ ಓದು. ಉಳಿದೆರಡನ್ನು ಅದರ ನಂಟರೆಂದು ತಿಳಿದು ಓದು. ಕಾಲೇಜನ್ನು ಒಪ್ಪುವ ಮೊದಲು ಒಮ್ಮೆ ಹೋಗಿ ಗ್ರಂಥಾಲಯವನ್ನೂ, ಕಳೆದ ಮೂರು ವರ್ಷಗಳ ಪ್ರಶ್ನಪತ್ರಿಕೆಗಳನ್ನೂ ನೋಡಿ ಬಾ. ವರ್ಷ ವರ್ಷವೂ ಅದೇ ಪ್ರಶ್ನೆಗಳು ತಿರುಗಿ ಬರುತ್ತಿದ್ದರೆ ವಿಷಯ ಒಂದಾದರೂ ಅಷ್ಟೇ, ಮೂರಾದರೂ ಅಷ್ಟೇ.

ಅವಳು ನನ್ನ ಕೊನೆಯ ಮಾತನ್ನು ಮಾತ್ರ ಪಾಲಿಸಿದಳು. ಹೋಗಿ ನೋಡಿದಳು. ಗ್ರಂಥಾಲಯದ ಕಪಾಟುಗಳಿಗೆ ಬೀಗ. ಅರ್ಥಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಆ ವರ್ಷಕ್ಕೆ ಇನ್ನೂ ಬಂದಿರಲಿಲ್ಲ. ಪ್ರಶ್ನಪತ್ರಿಕೆಗಳಲ್ಲಿ ಹತ್ತರಲ್ಲಿ ಆರು ಪ್ರಶ್ನೆಗಳು ಹಿಂದಿನ ವರ್ಷದವೇ. ಮೂರು ವಿಷಯಗಳ ಪದವಿ ಕಾಗದದ ಮೇಲೆ ಎಷ್ಟು ಅಗಲವಾಗಿದ್ದರೂ ಅಲ್ಲಿ ತನಗೆ ಸಿಗುವುದು ಒಂದೂವರೆ ವಿಷಯ ಎಂದು ಲೆಕ್ಕ ಹಾಕಿ, ಅವಳು ದೆಹಲಿಗೆ ಹೊರಟಳು. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಇತಿಹಾಸದ ಜೊತೆಗೆ ಬೇರೆ ವಿಭಾಗದಿಂದ ಅರ್ಥಶಾಸ್ತ್ರದ ಪತ್ರಿಕೆಯೊಂದನ್ನು ಆರಿಸಿಕೊಂಡಿದ್ದಾಳಂತೆ. ತಂದೆ ಮಾತ್ರ ಈಗಲೂ ಫೋನು ಮಾಡಿದಾಗಲೆಲ್ಲ ಬಿ.ಎಡ್. ವಿಚಾರ ಎತ್ತುತ್ತಾನೆ. ಪ್ರತಿಯೊಂದು ಪತ್ರಿಕೆಯ ಹೆಸರೂ ನಮೂದಾಗಿರುವ ಅಂಕಪಟ್ಟಿಗಳನ್ನು ಒಂದೂ ಬಿಡದೆ ಜೋಪಾನವಾಗಿ ಇಟ್ಟಿರು, ನಾಳೆ ಯಾವ ನಿಯಮದವರು ಯಾವ ವಿಷಯ ಕೇಳುತ್ತಾರೋ ಎಂದು ಅವನಿಗೆ ಹೇಳಿದ್ದೇನೆ.