ಅಗ್ಗದ ಟಿಕೆಟ್ಟು

ನಮ್ಮ ಮಗಳು ಇರೋದು ಜರ್ಮನಿಯ ಫ್ರೈಬುರ್ಗ್‌ನ್ಯಾಗ. ಆಕಿ ಬಾಣಂತನಕ್ಕ ನಮ್ಮಾಕಿ ಒಬ್ಬಾಕಿನ ಹೊಂಟಿದ್ಲು. ವಿಮಾನ ಫ್ರಾಂಕ್‌ಫರ್ಟ್ ತನಕ, ಮುಂದ ರೈಲಿನ್ಯಾಗ ಎರಡು ತಾಸಿನ ಹಾದಿ. ಅಳಿಯ ತಾನ ಬಂದು ಕರಕೊಂಡು ಹೋಗ್ತೇನಿ ಅಂದಾ. ದಿನಾ ತುಂಬಿದ ಹುಡುಗೀನ ಒಬ್ಬಾಕಿನ್ನ ಬಿಟ್ಟು ಬರೋದು ಬ್ಯಾಡ ಅಂತ ನಾವ ಬ್ಯಾಡಂದ್ವಿ.

"ಅಪ್ಪಾ, ರೈಲಿನ ಟಿಕೆಟ್ ನಾ ಇಲ್ಲಿಂದ ತಗೀತೇನಿ" ಅಂದ್ಲು ಮಗಳು.

"ಹತ್ತರ ಗಂಟೆ ಹೊಡಿಯೋದ್ರಾಗ ತತ್ಕಾಲ್ ಟಿಕೆಟ್ ತಗದಂವಾ ನಾನು. ನೀ ಸುಮ್ನ ಇರವಾ" ಅಂತ ಹುಬ್ಬಳ್ಳಿ ಮನ್ಯಾಗ ಲ್ಯಾಪ್‌ಟಾಪ್ ಮುಂದ ಕೂತೆ.

ಫ್ರಾಂಕ್‌ಫರ್ಟ್ ಅಂತ ಬರದ್ರ ಒಂದು ಪಟ್ಟೀನ ಬಂತು. ಮೈನ್ ನದಿ ಫ್ರಾಂಕ್‌ಫರ್ಟ್ ಬ್ಯಾರೆ, ಓಡರ್ ನದಿ ಫ್ರಾಂಕ್‌ಫರ್ಟ್ ಬ್ಯಾರೆ. ನಾ ಒತ್ತಿದ್ದು ಓಡರ್‌ದು. ಎರಡು ತಾಸಿನ ಹಾದಿ ದಿನಾ ಪೂರ್ತಿ ತೋರಸ್ಲಿಕ್ಕೆ ಹತ್ತಿದಾಗ ನಕಾಶೆ ನೋಡಿದೆ. ಅದು ಪೋಲೆಂಡಿನ ಗಡೀಗೆ ಅದ! ಆಮ್ಯಾಲೆ ವಿಮಾನ ನಿಲ್ದಾಣದ ಸ್ಟೇಷನ್ನ ಹುಡುಕಿ ಹಾಕಿದೆ.

ರೊಕ್ಕಾ ಕೊಡೋ ಹೊತ್ತಿಗೆ ಕಾರ್ಡು ಎರಡು ಸಲ ಬ್ಯಾಡಂತು. ನಮ್ಮ ಕಡೆ ಕಾರ್ಡುಗಳು ಪರದೇಶದ ವ್ಯವಹಾರಕ್ಕ ತಾವಾಗೇ ಚಾಲೂ ಇರೂದಿಲ್ಲ, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮಾನ ಹಂಗದ. ಬ್ಯಾಂಕಿನ ಆ್ಯಪ್‌ನ್ಯಾಗ ಅದನ್ನ ನಾವ ಚಾಲೂ ಮಾಡ್ಕೋಬೇಕು. ಮಾಡಿದೆ, ಒಟಿಪಿ ಬಂತು, ಎಂಟರ ಸುಮಾರಿನ ಗಾಡಿಗೆ ಎಲ್ಲಾಕ್ಕಿಂತ ಅಗ್ಗದ ಟಿಕೆಟ್ಟು ಕೈಗೆ ಬಂತು. ಸೀಟಿಗೆ ಬ್ಯಾರೆ ರೊಕ್ಕಾ. ಅಲ್ಲಿ ಟಿಕೆಟ್ ಅಂದ್ರ ಸೀಟು ಅಲ್ಲ. ಅದನ್ನೂ ಕೊಟ್ಟೆ.

ಹೆಮ್ಮೀಲೆ ತೋರಿಸಿದೆ. ನಮ್ಮಾಕಿ ಅಳವಿ, ಅಂಟು, ಒಣಕೊಬ್ರಿ ತೂಕಾ ಮಾಡಿ ಕಟ್ಟಲಿಕ್ಕೆ ಹತ್ತಿದ್ಲು. ತಲಿ ಎತ್ತಲಾರದ ಕೇಳಿದ್ಲು:

"ರೀ, ವಿಮಾನ ಲೇಟಾದ್ರ ಈ ರೈಲು ನಿಂದರ್ತದೇನ್ರಿ?"

ನಾ ಮಗಳಿಗೆ ಫೋನ್ ಮಾಡಿದೆ. "ಅಪ್ಪಾ, ಅದಕ್ಕ ತ್ಸೂಗ್‌ಬಿಂಡುಂಗ್ ಅಂತಾರ. ಟಿಕೆಟ್ಟು ಅದ ಗಾಡಿಗೆ ಕಟ್ಟಿಹಾಕಿದ್ದು. ರೈಲ ತಡಾ ಆದ್ರ ಬ್ಯಾರೆ ಗಾಡಿ ಹತ್ತಲಿಕ್ಕೆ ಬಿಡ್ತಾರ. ವಿಮಾನ ತಡಾ ಆದ್ರ ಅದು ನಮ್ಮ ಹಣೇಬರಹ. ಅಗದೀ ಅಗ್ಗದ್ದು ಅಂದ್ರ ಕ್ಯಾನ್ಸಲ್ಲೂ ಇಲ್ಲ."

ಆ ರಾತ್ರಿ ನಿದ್ದಿ ಹತ್ತಲಿಲ್ಲ. ಭಾಷಾ ಬರಲಾರದಾಕಿ, ಎರಡು ದೊಡ್ಡ ಬ್ಯಾಗು, ಕೈಯಾಗ ಉಪಯೋಗಕ್ಕ ಬರಲಾರದ ಚೀಟಿ. ನಾ ಉಳಿಸಿದ ರೊಕ್ಕಾ ಯಾರ ಸಲುವಾಗಿ? ಎದ್ದು ಫ್ಲೆಕ್ಸ್‌ಪ್ರೈಸ್ ಅನ್ನೋದು ತಗೊಂಡೆ. ಹೆಚ್ಚುಕಮ್ಮಿ ಮೂರು ಪಟ್ಟು ರೇಟು, ಆದ್ರ ಆ ದಿನಾ ಆ ಹಾದಿ ಮ್ಯಾಲೆ ಯಾವ ಗಾಡಿ ಬೇಕಾದ್ರೂ ಹತ್ತಬಹುದು. ಆಕಿಗೆ ಅದನ್ನಷ್ಟ ಪ್ರಿಂಟ್ ಮಾಡಿ ಕೊಟ್ಟೆ. ಮೊದಲನೇದ್ದರ ಸುದ್ದಿ ತಗೀಲೇ ಇಲ್ಲ.

ವಿಮಾನ ಹೊತ್ತಿಗೆ ಸರಿಯಾಗೇ ಇಳೀತು. ಪಾಸ್‌ಪೋರ್ಟಿನ ಸಾಲು ಮಾತ್ರ ಮುಂದ ಸರೀಲಿಲ್ಲ. ಇಲ್ಲಿ ಮಧ್ಯಾಹ್ನ ಹನ್ನೆರಡರ ಹತ್ರ ಫೋನ್ ಬಂತು.

"ರೀ, ರೈಲು ಹೋತ್ರಿ." ದನಿ ನಡಗತಿತ್ತು.

"ಹೋಗ್ಲಿ ಬಿಡು. ತಾಸಿಗೊಂದು ಅದಾವ, ಮುಂದಿನ್ದು ಹತ್ತು. ಸೀಟಿನ ಬಾಜೂಕ ಊರ ಹೆಸರು ಬರದಿರಲಾರದ್ದು ನೋಡಿ ಕೂಡು."

"ಟಿಕೆಟ್ಟು?"

"ಅದ ನಡೀತದ."

ಆಕಿ ಉಸರು ಬಿಟ್ಟಿದ್ದು ಹುಬ್ಬಳ್ಳಿ ತನಕ ಕೇಳಸ್ತು. ಎರಡು ದಿನಕ್ಕ ಮೊಮ್ಮಗಳು ಹುಟ್ಟಿದ್ಲು. ಆಕಿನ್ನ ಮೊದಲ ಎತಗೊಂಡಾಕಿ ಅಜ್ಜೀನ.

ನಿನ್ನೆ ವಿಡಿಯೋ ಕಾಲ್‌ನ್ಯಾಗ ಕೂಸಿನ್ನ ತೋರಿಸ್ಕೋತ ಕೇಳಿದ್ಲು: "ಅಂಧಂಗ, ರೈಲಿಗೆ ಒಟ್ಟ ಎಷ್ಟಾತ್ರೀ?"

"ನೀ ಬಂದ ಮ್ಯಾಲೆ ಹೇಳ್ತೇನಿ" ಅಂದೀನಿ.