ಮೂವತ್ತನೇ ಮನೆ

ಬ್ರಿಟನ್ನಿನ ಬಾಡಿಗೆ ಮನೆಗಳ ಜಾಹೀರಾತುಗಳಲ್ಲಿ ಬಹಳ ಕಾಲ ‘ನೋ ಡಿಎಸ್‌ಎಸ್’ ಎಂಬ ಮಾತು ಇರುತ್ತಿತ್ತು. ಡಿಎಸ್‌ಎಸ್ ಅಂದರೆ ಸಾಮಾಜಿಕ ಭದ್ರತಾ ಇಲಾಖೆ. ಆ ಇಲಾಖೆ 2001ರಲ್ಲೇ ಇಲ್ಲವಾದರೂ ಜಾಹೀರಾತಿನಲ್ಲಿ ಹೆಸರು ಉಳಿದುಕೊಂಡಿತು. ಸರ್ಕಾರದ ನೆರವಿನಿಂದ ಬಾಡಿಗೆ ಕಟ್ಟುವವರು ಬರಬೇಡಿ ಎಂದು ಅದರ ಅರ್ಥ. ಬೆಂಗಳೂರಿನ ಗೇಟುಗಳ ಮೇಲೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಓದುತ್ತಾ ಬೆಳೆದ ನನಗೆ ಆ ದನಿ ಹೊಸದೆನಿಸಲಿಲ್ಲ.

ನಾನು ಲೀಡ್ಸ್‌ನಲ್ಲಿ ವಸತಿ ನೀತಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ 1980ರ ಕಾಯ್ದೆಯಿಂದ ಕೌನ್ಸಿಲ್ ಮನೆಗಳನ್ನು ಅವುಗಳಲ್ಲಿದ್ದ ಬಾಡಿಗೆದಾರರಿಗೇ ರಿಯಾಯಿತಿ ದರದಲ್ಲಿ ಮಾರಲಾಯಿತು. ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಹಾಗಾಗಿ ಎಷ್ಟೋ ಬಡ ಕುಟುಂಬಗಳಿಗೆ ಖಾಸಗಿ ಮನೆಯೇ ಗತಿ. ಅವರಿಗೆ ಸಿಗುವ ಬಾಡಿಗೆ ನೆರವಿಗೆ ‘ಲೋಕಲ್ ಹೌಸಿಂಗ್ ಅಲೋಯನ್ಸ್’ ಎಂಬ ಮಿತಿಯಿದೆ. ಒಂದು ಪ್ರದೇಶದಲ್ಲಿ ಅಷ್ಟೇ ಕೋಣೆಗಳಿರುವ ನೂರು ಮನೆಗಳನ್ನು ಬಾಡಿಗೆ ಏರುವ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಅಂದುಕೊಳ್ಳಿ. 2008ರಲ್ಲಿ ಯೋಜನೆ ದೇಶವ್ಯಾಪಿಯಾದಾಗ ಐವತ್ತನೇ ಮನೆಯ ಬಾಡಿಗೆಯೇ ಮಿತಿಯಾಗಿತ್ತು. 2011ರಲ್ಲಿ ಅದನ್ನು ಮೂವತ್ತನೇ ಮನೆಗೆ ಇಳಿಸಿದರು. 2016ರಿಂದ ನಾಲ್ಕು ವರ್ಷ ಬಹುತೇಕ ಕಡೆ ಮೊತ್ತ ಕದಲಲಿಲ್ಲ. 2020ರಲ್ಲಿ ಮತ್ತೆ ಮೂವತ್ತನೇ ಮನೆಗೆ ಸರಿಹೊಂದಿಸಿ, ಪುನಃ ನಾಲ್ಕು ವರ್ಷ ಹಾಗೇ ಬಿಟ್ಟರು. 2024ರಲ್ಲಿ ಏರಿಸಿ, 2025ರಲ್ಲಿ ಮತ್ತೆ ತಡೆದರು. ಬಾಡಿಗೆ ಮಾತ್ರ ಯಾರ ಆದೇಶಕ್ಕೂ ಕಾಯದೆ ಏರಿತು.

ಇನ್ನೊಂದು ವಿಚಿತ್ರವಿದೆ. ಆ ಸಾಲನ್ನು ಸಿದ್ಧಪಡಿಸುವಾಗ ನೆರವು ಪಡೆಯುವವರು ಇರುವ ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದರೆ ಕೈಗೆಟುಕುತ್ತವೆ ಎಂದು ಕಾಗದ ತೋರಿಸುವ ಮೂವತ್ತೂ ಮನೆಗಳು ಆಗಲೇ ಬೇರೆಯವರಿಗೆ ಸಿಕ್ಕಿರುವಂಥವು.

ನಮ್ಮ ವಿಭಾಗದ ಕಟ್ಟಡವನ್ನು ಮುಂಜಾನೆ ಸ್ವಚ್ಛಗೊಳಿಸುವ ಮಹಿಳೆಯೊಬ್ಬರಿದ್ದಾರೆ. ಇಬ್ಬರು ಮಕ್ಕಳು, ಗಂಡ ಜೊತೆಗಿಲ್ಲ. ಸಂಬಳ ಸಾಲದ್ದರಿಂದ ‘ಯೂನಿವರ್ಸಲ್ ಕ್ರೆಡಿಟ್’ ಪಡೆಯುತ್ತಾರೆ. ಅದರಲ್ಲಿ ಬಾಡಿಗೆಗೆಂದು ಬರುವ ಹಣಕ್ಕೂ ನಿಜವಾದ ಬಾಡಿಗೆಗೂ ತಿಂಗಳಿಗೆ 150 ಪೌಂಡ್ ವ್ಯತ್ಯಾಸ. ಅದನ್ನು ಎಲ್ಲಿಂದ ಹೊಂದಿಸುತ್ತೀರಿ ಎಂದು ಕೇಳಿದೆ. “ಹೀಟರ್‌ನಿಂದ,” ಅಂದರು.

2024ರ ಕೊನೆಯಲ್ಲಿ ಅವರ ಮನೆಯ ಮಾಲೀಕ ಮನೆ ಮಾರಲು ಹೊರಟ. ಅದೇ ಹೊತ್ತಿಗೆ ನಾನೂ ಮನೆ ಹುಡುಕುತ್ತಿದ್ದೆ. ವಿದೇಶಿ ವಿದ್ಯಾರ್ಥಿನಿಯಾದ ನನಗೆ ಇಲ್ಲಿ ಜಾಮೀನು ನಿಲ್ಲುವವರಿಲ್ಲ. ಆರು ತಿಂಗಳ ಬಾಡಿಗೆ ಮುಂಗಡ ಕೊಡಿ ಎಂದರು ಏಜೆಂಟರು. ಊರಿನಿಂದ ಅಪ್ಪ ಹಣ ಕಳಿಸಿದರು, ಕೀಲಿ ಕೈಗೆ ಬಂತು. ನನ್ನ ವೀಸಾ ಪ್ರಕಾರ ನಾನು ಇಲ್ಲಿನ ಸರ್ಕಾರದಿಂದ ಇಂಥ ನೆರವು ಪಡೆಯುವಂತಿಲ್ಲ. ಹೀಗೆ ಬಂದು ಹಾಗೆ ಹೋಗುವ ನಾನು ಒಳ್ಳೆಯ ಬಾಡಿಗೆದಾರಳಾದೆ. ಹನ್ನೊಂದು ವರ್ಷ ಇದೇ ಊರಲ್ಲಿ ದುಡಿದ ಅವರಿಗೆ ಮುಂಗಡಕ್ಕೆ ಹಣವಿರಲಿಲ್ಲ. ಜಾಮೀನಿಗೆ ಇದ್ದ ತಂಗಿಯೂ ನೆರವಿನ ಮೇಲೇ ಬದುಕುವವಳು.

ಕಾನೂನು ಸುಮ್ಮನಿಲ್ಲ. ನೆರವು ಪಡೆಯುವವರನ್ನು ಸಾರಾಸಗಟಾಗಿ ತಿರಸ್ಕರಿಸುವುದು ಕಾನೂನುಬಾಹಿರ ಎಂದು ಯಾರ್ಕ್‌ನ ನ್ಯಾಯಾಲಯ 2020ರಲ್ಲಿ ಹೇಳಿತು. ಅದರ ಹೊಡೆತ ಹೆಚ್ಚಾಗಿ ಹೆಂಗಸರಿಗೂ ಅಂಗವಿಕಲರಿಗೂ ಬೀಳುತ್ತದೆ ಎಂಬುದು ಅದಕ್ಕೆ ಆಧಾರ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯೂ ಈ ತಾರತಮ್ಯವನ್ನು ನಿಷೇಧಿಸಿದೆ. ಆದರೆ “ಮನೆ ಈಗಷ್ಟೇ ಹೋಯಿತು” ಎಂದು ಫೋನಿನಲ್ಲಿ ಹೇಳಿದ ಮಾತನ್ನು ಸುಳ್ಳೆಂದು ಸಾಬೀತು ಮಾಡುವುದು ಹೇಗೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವೆ. ಇಲ್ಲಿ ದೇವರ ವರವೇ 150 ಪೌಂಡ್ ಕಡಿಮೆಯಿದೆ, ಪೂಜಾರಿಗೆ ಅದೊಂದು ನೆಪ. ಮೊತ್ತ ಬಾಡಿಗೆಯ ಜೊತೆ ಏರದಿದ್ದರೆ, ಕೌನ್ಸಿಲ್ ಮನೆಗಳು ಮತ್ತೆ ಏಳದಿದ್ದರೆ, ಜಾಹೀರಾತಿನ ಸಾಲೊಂದು ಅಳಿಯುತ್ತದೆ ಅಷ್ಟೇ.

ಅವರಿಗೆ ಕೊನೆಗೆ ಊರಂಚಿನಲ್ಲಿ ಒಂದೇ ಮಲಗುವ ಕೋಣೆಯ ಮನೆ ಸಿಕ್ಕಿತು. ಮಕ್ಕಳಿಗೆ ಕೋಣೆ ಬಿಟ್ಟುಕೊಟ್ಟು ತಾವು ಸೋಫಾದ ಮೇಲೆ ಮಲಗುತ್ತಾರೆ. ಮುಂಜಾನೆ ನಾಲ್ಕಕ್ಕೆ ಎದ್ದು, ಎರಡು ಬಸ್ಸು ಬದಲಿಸಿ, ನಾವು ವಸತಿ ನೀತಿ ಚರ್ಚಿಸುವ ಕೊಠಡಿಯನ್ನು ಒರೆಸಲು ಬರುತ್ತಾರೆ.